ತಂಪು ಜಾಗದ ಕುಟುಂಬ

ಏಪ್ರಿಲ್ 7, 2025, ಸೋಮವಾರ

ನಮ್ಮ ವಿಭಾಗದ ಶಾಂತಲಾ ಮೇಡಂ ಇವತ್ತು ನನಗೊಂದು ಹೊಸ ನೋಟ್‌ಬುಕ್ ಕೊಟ್ಟು, "ದಿನಾ ಉಷ್ಣಾಂಶ, ತೇವ, ಹುಳಗಳ ನಡವಳಿಕೆ ಬರೆದಿಡಿ" ಅಂದರು. ಅದು ಅವರ ಪುಸ್ತಕ. ಇದು ನನ್ನದು. ಲ್ಯಾಬಿನ ಬೀರುವಿನಲ್ಲಿ ಯಾರೋ ಬಿಟ್ಟುಹೋದ ಪ್ರಾಕ್ಟಿಕಲ್ ರೆಕಾರ್ಡು. ಮೊದಲೆರಡು ಪುಟ ಜಿರಳೆಯ ಬಾಯಿಯ ಚಿತ್ರ ಬರೆದಿದ್ದಾರೆ, ಮಿಕ್ಕಿದ್ದು ಖಾಲಿ. ಹುಳದ ನಡವಳಿಕೆಗೆ ಒಂದು ಪುಸ್ತಕ ಇರುವಾಗ ಮನುಷ್ಯರ ನಡವಳಿಕೆಗೂ ಒಂದು ಇರಲಿ ಅಂತ ಮನೆಗೆ ತಂದೆ.

ರೆಕಾರ್ಡು ಅಂದ ಮೇಲೆ ಮೊದಲು ವಿವರ ಬರೀಬೇಕು. ಹೆಸರು: ನಾಗೇಂದ್ರಪ್ಪ. ಕೆಲಸ: ಚನ್ನಗಿರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಸರ್ವಿಸ್: ಮೂವತ್ಮೂರು ವರ್ಷ. ಈ ಅವಧಿಯಲ್ಲಿ ಫಾರ್ಮಲಿನ್ ಬಾಟಲಿಗೆ ಇಳಿಸಿದ ಜೀವಿಗಳು: ಅರವತ್ನಾಲ್ಕು ಬಾಟಲಿ ತುಂಬ. ಒಂದೂ ಕೆಟ್ಟಿಲ್ಲ. ಕಪ್ಪೆಗಳಂತೂ ಇವತ್ತಿಗೂ ಈಗಷ್ಟೇ ಸಂತೆಗೆ ಹೊರಟಂತೆ ಕಾಣುತ್ತವೆ.

ಮೇಡಂ ನ್ಯಾಮತಿ ಕಡೆ ಹಳ್ಳದ ದಂಡೆಯಲ್ಲಿ ಕೊಳೆತ ದಿಮ್ಮಿ ಎತ್ತಿದಾಗ ಈ ಹುಳ ಸಿಕ್ಕವಂತೆ. ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ದಿಮ್ಮಿಯ ಚೂರು, ಅದರ ಅಡಿಯಲ್ಲಿ ಹುಳ. ಸಾವಿರಕಾಲಿನ ಹುಳ ಅಂದರೆ ನನಗೆ ಗೊತ್ತಿದ್ದದ್ದು ಮಳೆಗಾಲದಲ್ಲಿ ಬಚ್ಚಲಿಗೆ ಬರೋ ಕಪ್ಪು ರೈಲು. ಇವು ಹಂಗಿಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಚಪ್ಪಟೆ, ಬಣ್ಣ ಬೇಯಿಸಿದ ಶೇಂಗಾ ಸಿಪ್ಪೆಯಂತೆ.

"ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು, ನಾಗೇಂದ್ರಪ್ಪನೋರೇ. ಸಣ್ಣ ಕುಟುಂಬ. ತಂಪು, ತೇವ ಇರೋ ಕಡೆ ಮಾತ್ರ ಬದುಕೋದು."

"ಇದ್ರಾಗೆ ಅಪ್ಪ ಯಾರು, ಮಕ್ಕಳು ಯಾರು ಮೇಡಂ?"

ಮೇಡಂ ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಾಣಿಶಾಸ್ತ್ರದಲ್ಲಿ ಕುಟುಂಬ ಅಂದ್ರೆ ಹಂಗಲ್ಲವಂತೆ. ಮುಖಪರಿಚಯ ಇಲ್ಲದವರೂ ಒಂದೇ ಕುಟುಂಬ ಆಗಬಹುದಂತೆ. ಹಂಗಾದ್ರೆ ನಮ್ಮ ಮನೆಯೂ ಶಾಸ್ತ್ರೋಕ್ತವಾಗಿಯೇ ನಡೆಯುತ್ತಿದೆ.

ಅವರು ಆರು ವಾರದ ತರಬೇತಿಗೆ ಉತ್ತರಕ್ಕೆ ಹೋಗುತ್ತಾರೆ. ಬರುವ ತನಕ ಈ ಹದಿಮೂರು ಜೀವ ನನ್ನ ಜವಾಬ್ದಾರಿ. "ಜೀವಂತ ಇರಬೇಕು," ಅಂತ ಎರಡು ಸಲ ಹೇಳಿದರು. ನನ್ನ ಹಿಂದಿನ ಸಾಧನೆ ಅವರಿಗೆ ಗೊತ್ತಲ್ಲ.


ಏಪ್ರಿಲ್ 9, ಬುಧವಾರ

ಲ್ಯಾಬಿನಲ್ಲಿ ಮೂವತ್ತೇಳು ಡಿಗ್ರಿ. ಎರಡು ಹುಳ ಸತ್ತವು. ಮೇಡಂ ಇನ್ನೂ ರೈಲಿನಲ್ಲೇ ಇದ್ದಾರೆ. ಅವರು ಇಳಿಯೋದ್ರೊಳಗೆ ಎಲ್ಲ ಮುಗಿದರೆ ನನ್ನ ಮರ್ಯಾದೆ ಏನು? ಡಬ್ಬಿಗೆ ಒದ್ದೆ ಟವೆಲ್ ಸುತ್ತಿ ಮನೆಗೆ ತಂದೆ.

ಹೆಂಡತಿ ಬಂಗಾರಮ್ಮ ಬಾಗಿಲಲ್ಲೇ ಹಿಡಿದಳು. "ಏನ್ರೀ ಅದು? ಸ್ವೀಟಾ?"

"ಹುಳ."

"ಇಷ್ಟು ವರ್ಷ ಸತ್ತಿದ್ದರ ವಾಸನೆ ತರ್ತಿದ್ರಿ. ಈಗ ಜೀವ ಇರೋದನ್ನೇ ತಂದ್ರಾ? ಒಳ್ಳೇದು, ಸುಧಾರಿಸಿದ್ರಿ."

ಸ್ನಾನದ ಮನೆಯ ಮೂಲೆ ತಂಪು ಅಂತ ಅಲ್ಲಿಟ್ಟೆ. ಅಲ್ಲೂ ಮೂವತ್ತೆರಡು. ನೆಲದ ಮೇಲೆ ಕೂತು ಥರ್ಮಾಮೀಟರ್ ನೋಡುತ್ತಿದ್ದಾಗ ಅಡುಗೆಮನೆಯಿಂದ ದನಿ ಬಂತು.

"ಅವ್ವಾ, ದೊಡ್ಡ ಗಡಿಗೆ ಒಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ ನೀರು ಹನಿಸ್ತಿದ್ರೆ ಒಳಗೆ ತಂಪಿರ್ತೈತೆ ಅಂತ ಹೇಳು."

ಬಂಗಾರಮ್ಮ ಎರಡು ಹೆಜ್ಜೆ ಇಟ್ಟು ಬಂದು ಅದನ್ನೇ ನನಗೆ ಹೇಳಿದಳು. "ಗಡಿಗೆ ಎಲ್ಲೈತೆ ಅಂತ ಕೇಳು," ಅಂದೆ. ಅವಳು ಎರಡು ಹೆಜ್ಜೆ ವಾಪಸ್ ಹೋದಳು. ನಮ್ಮ ಮನೆಯ ಅಂಚೆ ಹಿಂಗೇ ನಡೆಯೋದು.

ದನಿ ನನ್ನ ಮಗಳು ನೇತ್ರಾವತಿಯದು. ಹೊನ್ನಾಳಿಗೆ ಕೊಟ್ಟು ಮೂರು ವರ್ಷ ಆಯಿತು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಒಂದೇ ಬ್ಯಾಗು ಹಿಡಿದು ಬಸ್ಸಿಳಿದು ಬಂದಳು. ನಾಲ್ಕು ದಿನ ಮಲಗಿಯೇ ಇದ್ದಳು. ಮುನಿಸಿಗೆ ಮಲಗಿದ್ದಾಳೆ ಅಂತ ಸುಮ್ಮನಾದೆ. ಗಂಡನ ಮನೆ ಬಿಟ್ಟು ಬಂದವಳ ಹತ್ತಿರ ನನಗೇನು ಮಾತು? ಎರಡು ತಿಂಗಳಾಯಿತು, ಮಾತಾಡಿಲ್ಲ. ತಪ್ಪು ಅವಳದು. ಆದರೆ ಗಡಿಗೆಯ ಉಪಾಯ ಸರಿಯಿದೆ.


ಏಪ್ರಿಲ್ 13, ಭಾನುವಾರ

ಗಡಿಗೆಯೊಳಗೆ ಇಪ್ಪತ್ತೈದು ಡಿಗ್ರಿ. ಮನೆಯಲ್ಲಿ ನಮಗೆ ಮೂವತ್ತಾರು. ಹನ್ನೊಂದೂ ಕ್ಷೇಮ.

ನಲ್ಲಿ ನೀರಿಗೆ ಬ್ಲೀಚಿಂಗ್ ವಾಸನೆ ಇರುತ್ತದೆ, ಹುಳಕ್ಕೆ ಆಗಲ್ಲ ಅಂತ ಅಂಚೆಯಲ್ಲಿ ಸುದ್ದಿ ಬಂತು. ಆದ್ದರಿಂದ ಈಗ ಕಾಯಿಸಿ ಆರಿಸಿದ ನೀರು. ಬಂಗಾರಮ್ಮ ಒಲೆಯ ಮುಂದೆ ನಿಂತು, "ನನ್ನ ಬಾಣಂತನದಾಗೆ ಒಂದು ಚೊಂಬು ಬಿಸಿನೀರು ಕೇಳಿದ್ರೆ ಪೇಪರ್ ಓದ್ತಿದ್ರಿ," ಅಂದಳು. ಇಪ್ಪತ್ತೆಂಟು ವರ್ಷದ ಹಿಂದಿನ ಪೇಪರು. ಅದರಲ್ಲಿ ಏನಿತ್ತು ಅಂತಲೂ ಇವಳಿಗೆ ನೆನಪಿರಬಹುದು.


ಏಪ್ರಿಲ್ 17, ಗುರುವಾರ

ಬೆಳಿಗ್ಗೆ ದಿಮ್ಮಿ ಮೆಲ್ಲಗೆ ಮಗುಚಿ ನೋಡಿದರೆ, ಒಂದು ಹುಳ ಸುರುಳಿ ಸುತ್ತಿಕೊಂಡಿದೆ. ಸುರುಳಿಯ ನಡುವೆ ಸಾಸಿವೆಗಿಂತ ಸಣ್ಣ, ಬೆಳ್ಳನೆಯ ಗುಂಪು. ಮೊಟ್ಟೆ!

ಮೇಡಂಗೆ ಫೋನ್ ಮಾಡಿದೆ. "ಮೇಡಂ, ಒಬ್ಬಾಕೆ ಹಡೆದಾಳೆ. ತಾಯಿ ಮಕ್ಕಳು ಕ್ಷೇಮ."

ಆ ಕಡೆಯಿಂದ ಕಿರುಚಿದ್ದು ನನಗೆ ಫೋನ್ ಇಲ್ಲದೆಯೂ ಕೇಳಿಸುತ್ತಿತ್ತು. ಆಮೇಲೆ ಅಂದರು: "ಅದು ಅಮ್ಮ ಅಲ್ಲ, ನಾಗೇಂದ್ರಪ್ಪನೋರೇ. ಅಪ್ಪ! ಇವುಗಳಲ್ಲಿ ಕೆಲವು ಜಾತೀಲಿ ಮೊಟ್ಟೆ ಕಾಯೋದು ಗಂಡು. ಹೆಣ್ಣು ಇಟ್ಟು ಹೋಗ್ತಾಳೆ. ಬೂಷ್ಟು ಹಿಡೀದಂಗೆ ಇವನು ಸುತ್ತಿಕೊಂಡು ಮೂರು ವಾರವೋ ನಾಲ್ಕು ವಾರವೋ ಕಾಯ್ತಾನೆ. ದಿಮ್ಮಿ ಅಲುಗಾಡಿಸಬೇಡಿ."

ಬಂಗಾರಮ್ಮನಿಗೆ ಹೇಳಬಾರದಿತ್ತು. ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಒಳಗಿನ ರೂಮಿನಿಂದಲೂ ಒಂದು ನಗು ಬಂತು. ಫೆಬ್ರವರಿಯಿಂದ ಆ ರೂಮಿನಿಂದ ನಗು ಬಂದದ್ದು ಇದೇ ಮೊದಲು ಅನಿಸುತ್ತದೆ. ದಾಖಲೆಗಾಗಿ ಬರೆದಿದ್ದೇನೆ, ಅಷ್ಟೇ.


ಏಪ್ರಿಲ್ 20, ಭಾನುವಾರ

ಚಿತ್ತಪ್ಪನ ಫೋನು. ಇವನು ನಮಗೆ ದೂರದ ಸಂಬಂಧಿ, ನೇತ್ರಾವತಿಯ ಮದುವೆ ಕುದುರಿಸಿದವನು. ಬಸವ ಜಯಂತಿ ಆದ ಮೇಲಿನ ಭಾನುವಾರ, ಮೇ ನಾಲ್ಕಕ್ಕೆ, ಹೊನ್ನಾಳಿಯಿಂದ ಅಳಿಯ ಸುದೀಪನನ್ನೂ ಬೀಗರನ್ನೂ ಕರಕೊಂಡು ಬರುತ್ತಾನಂತೆ.

"ನಾಲ್ಕು ಮಾತಾಡಿ, ಉಂಡು, ಹುಡುಗೀನ ಕರ್ಕಂಡು ಹೋಗಿಬಿಡ್ತೀವಿ. ನಿಂದೇನು ತಕರಾರು ಇಲ್ಲ ತಾನೆ?"

"ನಂದೇನು ತಕರಾರು? ಹೆಣ್ಣು ಇರಬೇಕಾದ್ದು ಅಲ್ಲೇ. ಬರ್ರಿ," ಅಂದೆ.

ಭಾರ ಇಳಿದಂತಾಯಿತು. ಅಂಚೆ ಮೂಲಕ ಒಳಗೆ ತಿಳಿಸಿದೆ. ಒಳಗಿನ ರೂಮಿನ ಬಾಗಿಲು ಹಾಕಿಕೊಂಡಿತು. ಬಂಗಾರಮ್ಮನೂ ಊಟಕ್ಕೆ ಕರೆಯಲಿಲ್ಲ. ನಾನೇ ಬಡಿಸಿಕೊಂಡು ಉಂಡೆ. ಸಾರಿಗೆ ಉಪ್ಪಿರಲಿಲ್ಲ.


ಏಪ್ರಿಲ್ 24, ಗುರುವಾರ

ಒಂದು ವಾರ ಆಯಿತು, ಮೊಟ್ಟೆ ಕಾಯೋ ಅಪ್ಪ ಅಲ್ಲಾಡಿಲ್ಲ. ಏನನ್ನೂ ತಿಂದಿಲ್ಲ. ಮಿಕ್ಕವು ದಿಮ್ಮಿಯ ಬೂಷ್ಟು ತಿಂದುಕೊಂಡು ಆರಾಮಾಗಿ ಸುತ್ತುತ್ತಿವೆ. ಕೂಸಿನ ಮನೆಗೆ ಬಂದ ನೆಂಟರ ಹಾಗೆ.

ನಾನು ಗಡಿಗೆ ಮುಂದೆ ಕೂತು, "ಯಾಕೆ ತಿನ್ನವಲ್ಲ ಇವನು?" ಅಂತ ಗಟ್ಟಿಯಾಗಿ ಅಂದುಕೊಂಡೆ. ಹಿಂದೆ ನೇತ್ರಾವತಿ ಬಟ್ಟೆ ಒಗೆಯಲು ಬಂದು ನಿಂತಿದ್ದಳು.

"ಎದ್ದು ಹೋದ್ರೆ ಮೊಟ್ಟೆ ಹಾಳಾಗ್ತಾವೆ ಅಂತಿರಬೇಕು," ಅಂದಳು. ಅಂಚೆ ಇಲ್ಲದೆ, ನೇರ.

"ಸತ್ತೇ ಹೋದ್ರೆ?"

"ಲೆನ್ಸ್ ಕೊಡ್ರಿ ನೋಡೋಣ."

ಕೊಟ್ಟೆ. ಅವಳು ಬಗ್ಗಿ ತುಂಬ ಹೊತ್ತು ನೋಡಿದಳು. "ಮೀಸೆ ಅಲ್ಲಾಡಿಸ್ತಾನೆ, ಅಪ್ಪಾಜಿ. ಇದಾನೆ." ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಸೂಕ್ಷ್ಮದರ್ಶಕ ಹಿಡಿಯೋದು ಅವಳಿಗೆ ಎಂಟನೇ ಕ್ಲಾಸಿನಲ್ಲಿ ನಾನೇ ಕಲಿಸಿದ್ದು. ಒಗೆಯೋ ಬಟ್ಟೆ ಅಲ್ಲೇ ಉಳಿಯಿತು. ಕಾಲು ಎಣಿಸೋಣ ಅಂತ ಇಬ್ಬರೂ ಕೂತೆವು. ಸಾವಿರಕಾಲು ಅಂತ ಹೆಸರಿಟ್ಟವರು ಎಣಿಸದೇ ಇಟ್ಟಿದ್ದಾರೆ. ನೂರೂ ಚಿಲ್ಲರೆಗೆ ನನ್ನ ಲೆಕ್ಕ ತಪ್ಪಿತು. ಅವಳದು ನೂರಾ ಹತ್ತಕ್ಕೆ.

ವಿಷಯ ಹುಳದ್ದಾದ್ದರಿಂದ ಇದನ್ನು ಮಾತಾಡಿದ್ದು ಅಂತ ಪರಿಗಣಿಸುವಂತಿಲ್ಲ. ಅಧಿಕೃತವಾಗಿ ನಾನಿನ್ನೂ ಮಾತು ಬಿಟ್ಟೇ ಇದ್ದೇನೆ.


ಏಪ್ರಿಲ್ 26, ಶನಿವಾರ

ಪ್ರಿನ್ಸಿಪಾಲ್ ಜಯದೇವಪ್ಪನವರು ಕರೆಸಿದರು. ಜೂನ್‌ನಲ್ಲಿ ಕಾಲೇಜು ನೋಡಲು ಕಮಿಟಿ ಬರುತ್ತದೆ. ಗೋಡೆಗೆ ಬಣ್ಣ, ಕುಂಡಕ್ಕೆ ಕೆಮ್ಮಣ್ಣು, ಲ್ಯಾಬಿಗೆ ಹೊಸ ಬಾಟಲಿ.

"ನಾಗೇಂದ್ರಪ್ಪ, ಶಾಂತಲಾ ಮೇಡಂ ಏನೋ ಅಪರೂಪದ ಹುಳ ತಂದಾರಂತಲ್ಲ? ಅವನ್ನ ನಿಮ್ಮ ಕೈಯಾರೆ ಬಾಟಲಿಗೆ ಇಳಿಸಿ, ಮುಂದೆ ಇಟ್ಟುಬಿಡ್ರಿ. ನಿಮ್ಮ ಕೈ ಅಂದ್ರೆ ಕೈ."

ಮೂವತ್ಮೂರು ವರ್ಷದಲ್ಲಿ ಯಾರೂ ನನ್ನ ಕೈಯನ್ನು ಹಿಂಗೆ ಹೊಗಳಿರಲಿಲ್ಲ. "ಆಯ್ತು ಸಾರ್" ಅನ್ನಲು ಬಾಯಿ ತೆರೆದೆ.

"ಫಾರ್ಮಲಿನ್ ಮುಗಿದೈತೆ ಸಾರ್," ಅಂತ ಬಂತು.

ಬೀರುವಿನಲ್ಲಿ ಎರಡು ಕ್ಯಾನು ಇದೆ. ಯಾಕೆ ಹಂಗಂದೆನೋ. ಬಿಸಿಲಿಗೆ ತಲೆ ಕೆಟ್ಟಿರಬೇಕು.


ಏಪ್ರಿಲ್ 29, ಮಂಗಳವಾರ

ಹೊರಗಿನ ಗಡಿಗೆ ಬಿರುಕು ಬಿಟ್ಟಿತ್ತು. ಸಂತೇಬೆನ್ನೂರಿನ ಮೂಕಮ್ಮನ ಹತ್ತಿರ ಒಳ್ಳೆ ಗಡಿಗೆ ಸಿಗುತ್ತವೆ. ಅಳತೆ ನನಗೆ ತಿಳಿಯಲ್ಲ ಅಂತ ನೇತ್ರಾವತಿಯನ್ನೂ ಕರೆದುಕೊಂಡು ಹೋದೆ. ಬಸ್ಸಿಳಿದ ಮೇಲೆ ರೂಢಿಯಂತೆ ನಾನು ಹತ್ತು ಹೆಜ್ಜೆ ಮುಂದೆ, ಅವಳು ಹಿಂದೆ. ಹೊನ್ನಾಳಿಯಿಂದ ಅವಳು ಬಂದ ಮೇಲೆ ನಾನು ಅವಳ ಜತೆ ಹೊರಗೆ ಕಾಣಿಸಿಕೊಂಡದ್ದು ಇದೇ ಮೊದಲು.

ಮೂಕಮ್ಮನ ಹೆಸರಿಗೂ ಬಾಯಿಗೂ ಸಂಬಂಧ ಇಲ್ಲ. "ಮಗಳಾ? ಯಾವಾಗ ಬಂದಳು? ಅಳಿಯ ಬಂದಿಲ್ಲೇನು? ಎಷ್ಟು ದಿನ ಇರ್ತಾಳೆ?"

ನೇತ್ರಾವತಿ ಗಡಿಗೆಯ ಒಳಗೆ ಕೈ ಹಾಕಿ ತಳ ನೋಡುತ್ತಾ ಇದ್ದಳು. ತಲೆ ಎತ್ತಲಿಲ್ಲ. ಅಷ್ಟು ಹೊತ್ತು ನೋಡುವಂಥದ್ದು ಗಡಿಗೆಯ ತಳದಲ್ಲಿ ಏನೂ ಇರುವುದಿಲ್ಲ.

"ಇರೋವಷ್ಟು ದಿನ ಇರ್ತಾಳೆ. ಅವರಪ್ಪನ ಮನೆ," ಅಂದೆ.

ವಾಪಸ್ ಬರುವಾಗ ಗಡಿಗೆ ಒಡೆಯಬಾರದು ಅಂತ ಇಬ್ಬರೂ ಎರಡು ಕಡೆ ಹಿಡಿದು ನಡೆದೆವು. ಹತ್ತು ಹೆಜ್ಜೆ ಅಂತರ ಗಡಿಗೆಯಿಂದಾಗಿ ತಪ್ಪಿತು.


ಮೇ 1, ಗುರುವಾರ

ಇವತ್ತಿನದನ್ನು ಹೆಂಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಕರೆಂಟಿಲ್ಲ. ಇಬ್ಬರೂ ಗಡಿಗೆಯ ಹತ್ತಿರ ಇದ್ದೆವು, ಮನೆಯಲ್ಲಿ ತಂಪಿರುವುದು ಅಲ್ಲೇ. ನಾನು, "ಎರಡು ವಾರ ಆಯ್ತು. ಹಿಂಗೆ ಸುತ್ಕಂಡು ಇರಾಕೆ ಇವನಿಗೆ ಯಾರು ಹೇಳಿಕೊಟ್ರೋ! ಯಾಕೆ ಹಿಂಗೆ ಮಾಡ್ತಾನೆ?" ಅಂದೆ.

ನೇತ್ರಾವತಿ ಮರಳಿಗೆ ನೀರು ಹನಿಸುತ್ತಿದ್ದಳು. ನಗುತ್ತಲೇ ಅಂದಳು: "ಅಪ್ಪಾಜಿ, ಈ ಹುಳ ಯಾಕೆ ಹಿಂಗೆ ಮಾಡ್ತು ಅಂತ ನೀವು ಹದಿನೈದು ಸಲ ಕೇಳಿದ್ರಿ. ಮೇಡಂಗೆ ಫೋನ್ ಮಾಡಿ ಮೂರು ಸಲ ಕೇಳಿದ್ರಿ. ನಾನ್ಯಾಕೆ ಬಂದೆ ಅಂತ ಒಂದು ಸಲನೂ ಕೇಳಲಿಲ್ಲ."

ತಮಾಷೆಗೇ ಅಂದದ್ದು. ನಾನೂ ನಗಬೇಕು ಅಂತ ನೋಡಿದೆ, ಆಗಲಿಲ್ಲ.

"ಯಾಕೆ ಬಂದೆ?" ಅಂದೆ.

ಫೆಬ್ರವರಿಯಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ ಇತ್ತು. ಅದಕ್ಕೂ ಐದಾರು ದಿನ ಮುಂಚೆಯೇ ಇವಳಿಗೆ ಜ್ವರ ಶುರುವಾಗಿದೆ. ಅತ್ತೆ ಒಂದು ಮಾತ್ರೆ ಕೊಟ್ಟು, ಕಾರ್ಯ ಮುಗಿಯಲಿ, ತೋರಿಸೋಣ ಅಂದಿದ್ದಾರೆ. ಸುದೀಪ ಶಾಮಿಯಾನ, ಅಡುಗೆಯವರು ಅಂತ ಓಡಾಡಿಕೊಂಡಿದ್ದ. ಊರಿಗೆ ಫೋನ್ ಮಾಡುತ್ತೇನೆ ಅಂದರೆ, ಶುಭಕಾರ್ಯದಲ್ಲಿ ಅಪಶಕುನ ಬೇಡ ಅಂದಿದ್ದಾರೆ. ಕಾರ್ಯದ ದಿನ ಮುನ್ನೂರು ಎಲೆ. ಮನೆಯ ಸೊಸೆ ಬಡಿಸದಿದ್ದರೆ ಹೆಂಗೆ? ಬಡಿಸಿದ್ದಾಳೆ. ಆಮೇಲೂ ಮೂರು ದಿನ ಪಾತ್ರೆ, ನೆಂಟರು. ಒಂಬತ್ತನೇ ದಿನ ಹಿತ್ತಲಲ್ಲಿ ಬಿದ್ದು, ಎದ್ದು, ಯಾರಿಗೂ ಹೇಳದೆ ಬಸ್ ಹತ್ತಿದ್ದಾಳೆ. ಇಲ್ಲಿ ಬಂಗಾರಮ್ಮ ಆಸ್ಪತ್ರೆಗೆ ತೋರಿಸಿದಳಂತೆ. ಟೈಫಾಯ್ಡ್. ನಾನು ಮುನಿಸು ಅಂತ ತಿಳಿದ ಆ ನಾಲ್ಕು ದಿನ ಅವಳು ಮಲಗಿದ್ದು ಅದಕ್ಕೆ.

"ಜ್ವರ ಯಾರಿಗಾದ್ರೂ ಬರ್ತೈತೆ, ಅಪ್ಪಾಜಿ. ಒಂಬತ್ತು ದಿನದಾಗೆ ಆ ಮನೇಲಿ ಒಬ್ಬರೂ ನನ್ನ ಹಣೆ ಮುಟ್ಟಿ ನೋಡಲಿಲ್ಲ. ಇನ್ನೂ ಮೂವತ್ತು ವರ್ಷ ಅಲ್ಲಿ ಹೆಂಗಿರ್ಲಿ ಅನ್ನಿಸ್ತು."

ಮರಳಿಗೆ ಇನ್ನೊಂದಿಷ್ಟು ನೀರು ಹನಿಸಿ ಅಂದಳು: "ನೀವೂ ಬಂದಿದ್ರಿ ಅವತ್ತು. ಎರಡನೇ ಪಂಕ್ತಿ, ಕಿಟಕಿ ಹತ್ರ. ನಾನೇ ಹೋಳಿಗೆ ಹಾಕಿದೆ. ನನ್ನ ಮುಖ ನೋಡಿದ್ರೆ ನಿಮಗೆ ಗೊತ್ತಾಗ್ತೈತೆ ಅಂತ ನಿಂತೆ. ನೀವು ತಲೆ ಎತ್ತಿ ನೋಡಿದ್ರಿ."

"ನಾನೇನಂದೆ?"

"ತುಪ್ಪ ಅಂದ್ರಿ."

ಕರೆಂಟು ಬಂತು. ಅವಳು ಎದ್ದು ಮೋಟರ್ ಹಾಕಲು ಹೋದಳು.

ಬಂಗಾರಮ್ಮನನ್ನು ಕೇಳಿದೆ, ನನಗ್ಯಾಕೆ ಹೇಳಲಿಲ್ಲ ಅಂತ. "ಹೇಳಾಕೆ ಬಂದೆ. ಅವಳ ವಿಷಯ ನನ್ನ ಮುಂದೆ ಎತ್ತಬ್ಯಾಡ ಅಂತ ಕೈ ಎತ್ತಿದ್ರಿ. ಎತ್ತಿದ ಕೈ ಇಳಿಸಲೇ ಇಲ್ಲ," ಅಂದಳು. ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಮೇಡಂ ಪುಸ್ತಕದಲ್ಲಿ ಇವತ್ತು ತೇವ ಬರೆಯಲು ಮರೆತೆ.


ಮೇ 2, ಶುಕ್ರವಾರ

ಇಪ್ಪತ್ತಾರು ಡಿಗ್ರಿ. ಹೋಳಿಗೆ ಚೆನ್ನಾಗಿತ್ತು. ಅದೊಂದು ನೆನಪಿದೆ.


ಮೇ 4, ಭಾನುವಾರ

ಹನ್ನೊಂದು ಗಂಟೆಗೆ ಕಾರು ಬಂತು. ಚಿತ್ತಪ್ಪ, ಬೀಗರು, ಸುದೀಪ. ನಾನು ಕನ್ನಡಿ ಮುಂದೆ ನಿಂತು ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಗೌರವದಿಂದ ಶುರುವಾಗಿ, ನಡುವೆ ಬಿಗಿಯಾಗಿ, ಕೊನೆಗೆ ಎಲ್ಲರ ಕಣ್ಣಲ್ಲೂ ನೀರು ಬರಬೇಕು. ಅವರು ಚಪ್ಪಲಿ ಬಿಡುವಷ್ಟರಲ್ಲಿ ಪೂರ್ತಿ ಮರೆತುಹೋಯಿತು.

ಬೀಗರು ಕಾಲು ತೊಳೆಯಲು ಸ್ನಾನದ ಮನೆಗೆ ಹೋದರು. "ದಾರಿಗಡ್ಡ ಇದ್ಯಾತರ ಗಡಿಗೆ ಇಟ್ಟಾರೆ," ಅಂತ ಕೇಳಿಸಿತು. ಹಿಂದೆಯೇ ಒಳಗಿಂದ ನೇತ್ರಾವತಿಯ ಕೂಗು:

"ಅದನ್ನ ಮುಟ್ಟಬ್ಯಾಡ್ರೀ!"

ಮೂರು ವರ್ಷ ಮಾವನ ಎದುರು ದನಿ ಎತ್ತದವಳು. ಬೀಗರು ಒಂದೇ ಕಾಲು ತೊಳೆದು ವಾಪಸ್ ಬಂದರು.

ಮಂಡಕ್ಕಿ, ಮೆಣಸಿನಕಾಯಿ ಬಂತು. ಚಿತ್ತಪ್ಪ ಎರಡು ಮೆಣಸಿನಕಾಯಿ ಮುಗಿಸಿ ಶುರು ಮಾಡಿದ. "ನೋಡು ನಾಗೇಂದ್ರಪ್ಪ, ಗಂಡ ಹೆಂಡ್ತಿ ಅಂದ ಮೇಲೆ ಒಂದು ಮಾತು ಬರ್ತೈತೆ, ಒಂದು ಮಾತು ಹೋಗ್ತೈತೆ. ಇವತ್ತು ದಿನ ಚೆನ್ನಾಗೈತೆ. ಕಳಿಸಿಕೊಡು."

ನಾನು ಸುದೀಪನನ್ನು ನೋಡಿದೆ. ಕೆಟ್ಟ ಹುಡುಗ ಅಲ್ಲ. ಒಳ್ಳೆ ಶರ್ಟು ಹಾಕಿಕೊಂಡು ಬಂದಿದ್ದ.

"ಜ್ವರ ಎಷ್ಟಿತ್ತಪ್ಪ?" ಅಂದೆ.

"ಯಾವ ಜ್ವರ, ಮಾವ?"

"ಫೆಬ್ರವರೀಲಿ. ನೇತ್ರಾವತಿಗೆ. ನೂರಾ ಎರಡಿತ್ತೋ, ಮೂರಿತ್ತೋ?"

ಅವನು ಅವರಪ್ಪನ ಕಡೆ ನೋಡಿದ. "ಅಳೆದಿರಲಿಲ್ಲ, ಮಾವ. ಮನೇಲಿ ಕಾರ್ಯ ಇತ್ತಲ್ಲ."

"ನಮ್ಮ ಸ್ನಾನದ ಮನೇಲಿ ಹನ್ನೊಂದು ಹುಳ ಐದಾವೆ. ಆ ಗಡಿಗೆಯಾಗೆ. ದಿನಕ್ಕೆ ಮೂರು ಸಲ ಥರ್ಮಾಮೀಟರ್ ಇಟ್ಟು ನೋಡ್ತೀವಿ."

ಬೀಗರಿಗೆ ಸಿಟ್ಟು ಬಂತು. "ಹುಳಕ್ಕೂ ನಮ್ಮ ಸೊಸೆಗೂ ಏನು ಸಂಬಂಧ, ಬೀಗರೇ?"

"ಏನೂ ಇಲ್ಲ. ಅದನ್ನೇ ನಾನೂ ಹೇಳ್ತಿರೋದು."

ಬಂಗಾರಮ್ಮ ಅಡುಗೆಮನೆ ಬಾಗಿಲಲ್ಲಿ ಮೆಣಸಿನಕಾಯಿ ಕರಿಯೋ ಜಾರ ಹಿಡಿದು ನಿಂತಿದ್ದಳು. ನಾನೇ ಮುಂದುವರಿಸಿದೆ. "ಬೈಯಾಕೆ ಹೇಳ್ತಿಲ್ಲ. ಅವತ್ತು ನಿಮ್ಮ ಮನೇಲಿ ಎಲೆ ಮುಂದೆ ಕೂತು ಉಂಡೋನು ನಾನೂ ಇದೀನಿ. ನನಗೂ ಕಾಣಲಿಲ್ಲ. ಅದಕ್ಕೇ ಈಗ ಕಳಿಸ್ತೀನಿ, ಬಿಡ್ತೀನಿ ಅನ್ನೋ ಯೋಗ್ಯತೆ ನನಗಿಲ್ಲ. ಅವಳನ್ನೇ ಕೇಳ್ರಿ. ಬರ್ತೀನಿ ಅಂದ್ರೆ ಈಗಲೇ ಬ್ಯಾಗು ನಾನೇ ಹೊತ್ತು ಕಾರಿಗೆ ಇಡ್ತೀನಿ."

"ಹೆಣ್ಮಕ್ಕಳನ್ನ ಕೇಳೋದೇನು..." ಅಂದ ಚಿತ್ತಪ್ಪ. ಅಷ್ಟರಲ್ಲಿ ನೇತ್ರಾವತಿ ಹೊರಗೆ ಬಂದಳು. ಕೈ ಒದ್ದೆ ಇತ್ತು, ಸೆರಗಿಗೆ ಒರೆಸಿಕೊಂಡಳು.

"ನಾನು ಬರಲ್ಲ," ಅಂದಳು. ಸುದೀಪನನ್ನೇ ನೋಡಿ ಅಂದಳು. ಅಳಲಿಲ್ಲ, ಕಿರುಚಲೂ ಇಲ್ಲ. ಬಸ್ಸು ಇಲ್ಲಿ ನಿಲ್ಲಲ್ಲ ಅಂತ ಹೇಳುವ ಹಾಗೆ.

ಊಟ ಮಾಡದೇ ಹೊರಟರು. ಚಪ್ಪಲಿ ಹಾಕಿಕೊಳ್ಳುವಾಗ ಸುದೀಪ ಹಿಂದುಳಿದು, ಮೆಲ್ಲಗೆ, "ಈಗ ಆರಾಮಿದಾಳಾ, ಮಾವ?" ಅಂದ. ಎರಡೂವರೆ ತಿಂಗಳಾದ ಮೇಲೆ ಕೇಳಿದ. ನಾನೂ ಹೆಚ್ಚುಕಡಿಮೆ ಅಷ್ಟೇ ತಗೊಂಡಿದ್ದೆ, ಬೈಯಲು ಬಾಯಿ ಬರಲಿಲ್ಲ. "ಆರಾಮಿದಾಳಪ್ಪ," ಅಂದೆ.

ಕಾರು ಹೋದ ಮೇಲೆ ಒಳಗೆ ಬಂದು ಕೂತೆ. ಬಂಗಾರಮ್ಮ ಮಿಕ್ಕ ಮೆಣಸಿನಕಾಯಿ ತಂದು ಮುಂದಿಟ್ಟು, "ತಿನ್ರಿ, ಬಿಸಿ ಐದಾವೆ. ಭಾಷಣ ಚೆನ್ನಾಗಿತ್ತು," ಅಂದಳು. ಅದು ಭಾಷಣ ಅಲ್ಲ, ಭಾಷಣ ಬೇರೆ ಇತ್ತು ಅಂತ ಹೇಳಲು ಹೋದೆ. ಯಾರೂ ಕೇಳಲಿಲ್ಲ.


ಮೇ 11, ಭಾನುವಾರ

ಮೂರೂವರೆ ವಾರದಿಂದ ದಿನಾ ಕಾದವನು ನಾನು. ಇವತ್ತು ಅರ್ಧ ಗಂಟೆ ಕಟಿಂಗ್ ಶಾಪಿಗೆ ಹೋಗಿದ್ದೆ. ಅಷ್ಟರಲ್ಲಿ ಮೊಟ್ಟೆ ಒಡೆದಿವೆ.

ಮನೆಯಿಂದ ಫೋನು ಬಂದ ಕೂಡಲೇ ಓಡಿ ಬಂದು ನೋಡಿದರೆ ತಾಯಿ ಮಗಳು ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಗಡಿಗೆಯೊಳಗೆ ಬಗ್ಗಿದ್ದಾರೆ. ನನಗೆ ಜಾಗವೇ ಇಲ್ಲ. "ಅರ್ಧ ಗಡ್ಡ ಬಿಟ್ಟು ಬಂದೀರಲ್ಲ, ಹೋಗಿ ಮುಗಿಸ್ಕಂಡು ಬರ್ರಿ," ಅಂದಳು ಬಂಗಾರಮ್ಮ. ಹುಳ ಅಂದರೆ ಚೀ ಅನ್ನುತ್ತಿದ್ದವಳು.

ಕೊನೆಗೆ ಲೆನ್ಸ್ ಸಿಕ್ಕಿತು. ಅಕ್ಕಿ ನುಚ್ಚಿಗಿಂತ ಸಣ್ಣವು, ಬೆಳ್ಳಗೆ. ಒಂದಕ್ಕೆ ಮೂರ್ನಾಲ್ಕು ಜೊತೆ ಕಾಲು ಇರಬಹುದು. ಬೆಳೆದ ಹಾಗೆ ಕಾಲು ಸೇರುತ್ತಾ ಹೋಗುತ್ತವಂತೆ. ಅಪ್ಪ ಮಾತ್ರ ಸುರುಳಿ ಬಿಡಿಸಿ, ಪಕ್ಕಕ್ಕೆ ಹೋಗಿ, ದಿಮ್ಮಿಯ ಬೂಷ್ಟಿಗೆ ಬಾಯಿ ಹಾಕಿದ್ದ. ಮಕ್ಕಳ ಕಡೆ ತಿರುಗಿಯೂ ನೋಡಲಿಲ್ಲ.

"ಹಸಿದಾನೆ ಪಾಪ," ಅಂದಳು ನೇತ್ರಾವತಿ.


ಮೇ 24, ಶನಿವಾರ

ಮೇಡಂ ಬಂದರು. ಗಡಿಗೆ ಮುಂದೆ ಮೊಣಕಾಲೂರಿ ಕೂತು ಒಂದು ಗಂಟೆ ಏಳಲಿಲ್ಲ. ಮಕ್ಕಳು ಹತ್ತೊಂಬತ್ತು ಉಳಿದಿವೆ. ಮೇಡಂ ಪುಸ್ತಕ ತಿರುವಿ ಹಾಕುತ್ತಾ, "ಈ ಚಿತ್ರಗಳನ್ನ ಯಾರು ಬರೆದದ್ದು?" ಅಂದರು. ದಿನದಿನದ ಮರಿ, ಕಾಲಿನ ಲೆಕ್ಕದೊಂದಿಗೆ. ನಾನೂ ಆಗಲೇ ನೋಡಿದ್ದು. ಮೇ 11ರಿಂದ ಪುಸ್ತಕ ನನ್ನ ಕೈ ತಪ್ಪಿಹೋಗಿದೆ.

ನೇತ್ರಾವತಿ ಚಹಾ ತಂದಳು. ಇಬ್ಬರೂ ಮಾತಾಡಿದ್ದು ಅರ್ಧ ನನಗೆ ತಿಳಿಯಲಿಲ್ಲ. ಹೋಗುವಾಗ ಮೇಡಂ ಅಂದರು: ಜಗಳೂರಿನ ಒಂದು ವಸತಿ ಶಾಲೆಯಲ್ಲಿ ವಿಜ್ಞಾನದ ಟೀಚರ್ ಬೇಕಂತೆ. ಅಲ್ಲೇ ರೂಮೂ ಕೊಡುತ್ತಾರೆ. ಅವರ ಗೆಳತಿ ಅಲ್ಲಿ ಹೆಡ್‌ಮಿಸ್ಸು.

"ಜಗಳೂರಾ? ಮೇಡಂ, ಅಲ್ಲಿ ನೀರು ಕಮ್ಮಿ, ಬಿಸಿಲು ಜಾಸ್ತಿ," ಅಂದೆ.

"ಅಪ್ಪಾಜಿ," ಅಂದಳು ನೇತ್ರಾವತಿ, "ನಾನು ಹುಳ ಅಲ್ಲ."

ಮೇಡಂ ಗಡಿಗೆ ಸಮೇತ ತಗೊಂಡು ಹೋದರು. ಸ್ನಾನದ ಮನೆ ಮೂಲೆ ಬಣಬಣ ಅನ್ನುತ್ತಿದೆ. ಬಂಗಾರಮ್ಮ ಅಲ್ಲಿ ಬಕೆಟ್ ಇಟ್ಟಳು. ನಾನು ಸುಮ್ಮನೆ ಪಕ್ಕಕ್ಕೆ ಸರಿಸಿದೆ. ಅವಳು ಮತ್ತೆ ಇಟ್ಟಳು.


ಜೂನ್ 2, ಸೋಮವಾರ

ನೇತ್ರಾವತಿಯನ್ನು ಜಗಳೂರಿನಲ್ಲಿ ಬಿಟ್ಟು ಬಂದೆ. ಇಂಟರ್‌ವ್ಯೂ ಹೋದ ವಾರವೇ ಮುಗಿದಿತ್ತು, ಇವತ್ತು ಸೇರುವ ದಿನ. ಹೆಡ್‌ಮಿಸ್ಸಿನ ರೂಮಿಗೆ ನಾನೂ ಹೊರಟೆ. "ನೀವು ಹೊರಗೆ ಇರ್ರಿ. ಒಳಗೆ ಬಂದ್ರೆ ನನ್ನ ಬದಲು ನೀವೇ ಉತ್ತರ ಹೇಳ್ತೀರಿ," ಅಂದಳು. ಬೇವಿನ ಮರದಡಿ ಕಟ್ಟೆಯ ಮೇಲೆ ಕೂತೆ. ನಿಜವಾಗಿಯೂ ಬಿಸಿಲು ಜಾಸ್ತಿ, ನಾನು ಸುಳ್ಳು ಹೇಳಿರಲಿಲ್ಲ.

ರೂಮು ಸಣ್ಣದು. ಒಂದು ಮಂಚ, ಒಂದು ಕಿಟಕಿ. ನಾನು ಕಿಟಕಿಯ ಚಿಲಕ ನೋಡಿದೆ, ಫ್ಯಾನ್ ಹಾಕಿ ನೋಡಿದೆ, ನಲ್ಲಿ ತಿರುವಿದೆ. ಮತ್ತೆ ಚಿಲಕ ನೋಡಿದೆ. "ಮೂರನೇ ಸಲ ಆಯ್ತು, ಅಪ್ಪಾಜಿ. ಬಸ್ಸು ಹೋಗ್ತೈತೆ," ಅಂದಳು. ಹೊರಡುವ ಮುಂಚೆ ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. "ಆರಾಮಿದೀನಿ," ಅಂದು ನನ್ನ ಕೈ ಹಿಡಿದು ಕೆಳಗಿಳಿಸಿದಳು. ತಕ್ಷಣ ಬಿಡಲಿಲ್ಲ.

ದಾವಣಗೆರೆ ಬಸ್ಸು ಸಿಕ್ಕಿತು. ಕಂಡಕ್ಟರ್ ಬಂದ. "ದಾವಣಗೆರೆ ಎರಡು ಕೊಡಪ್ಪ," ಅಂದೆ.

"ಇನ್ನೊಬ್ಬರು ಯಾರು, ಯಜಮಾನ್ರೇ?"

"ಮಗಳು."

"ಹೆಣ್ಮಕ್ಕಳಿಗೆ ಫ್ರೀ ಐತಲ್ರೀ. ಆಧಾರ್ ಕಾರ್ಡ್ ತೋರ್ಸಾಕೆ ಹೇಳ್ರಿ, ಸಾಕು." ಸುತ್ತ ನೋಡಿದ. "ಎಲ್ಲಿದಾರೆ?"

ಆಗ ನನಗೆ ನೆನಪಾಯಿತು. "ಇಲ್ಲೇ ಜಗಳೂರಾಗೆ ಇದಾಳೆ. ಕೆಲಸಕ್ಕೆ ಸೇರಿದಾಳೆ. ಟೀಚರ್."

ಕಂಡಕ್ಟರ್ ನನ್ನ ಮುಖ ನೋಡಿದ. "ಫ್ರೀ ಕೊಡಬೇಕಾದ್ರೂ ಮಗಳು ಬಸ್ಸಾಗೆ ಇರಬೇಕು, ಯಜಮಾನ್ರೇ," ಅಂತ ನಕ್ಕು, ಒಂದೇ ಟಿಕೆಟ್ ಹರಿದು ಕೊಟ್ಟ.

ಕಿಟಕಿಯ ಕಡೆ ಸರಿದು ಕೂತೆ. ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿದ್ದೆ, ಹತ್ತುವಾಗಲೇ ಹಾಕಿದ್ದಿರಬೇಕು. ಅಸಗೋಡಿನಲ್ಲಿ ಜನ ತುಂಬಿದರು. ಸೊಪ್ಪಿನ ಗಂಟು ಹೊತ್ತ ಹೆಂಗಸೊಬ್ಬಳು ಬಂದು, "ಯಾರಾದ್ರೂ ಬರ್ತಾರೇನಣ್ಣ ಇಲ್ಲಿ?" ಅಂದಳು.

ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡೆ.

"ಇಲ್ಲವ್ವ, ಕೂತ್ಕೋ," ಅಂದೆ.